ಮಾವನವರ ಮೊಳ, ಮುನಿಸಿಪಾಲಿಟಿಯ ಅಡಿ

ನನ್ನ ಮಾವ ಗಿಡ್ಡ. ಸತ್ತವರ ಬಗ್ಗೆ ಹೀಗೆ ಮಾತಾಡಬಾರದು ಎನ್ನುವವರು ಎದ್ದು ಹೋಗಬಹುದು. ಆ ಮನುಷ್ಯ ಗಿಡ್ಡಗಿದ್ದುದರಿಂದ ನಾನು ಪಟ್ಟ ಪಾಡು ನನಗೇ ಗೊತ್ತು. ಹರಿಹರದ ಕೋಟೆ ಓಣಿಯಲ್ಲಿ ಅವರು ಮನೆ ಕಟ್ಟಿಸಿದಾಗ ಎಲ್ಲರ ಹಾಗೆ ಆಯ ನೋಡಿಯೇ ಕಟ್ಟಿಸಿದರು. ಆಯ ಎಂದರೆ ಇಷ್ಟೇ: ಮನೆಯ ಯಜಮಾನ ಬಿದಿರಿನ ಕೋಲಿನ ಮೇಲೆ ಕೈ ಚಾಚುತ್ತಾನೆ, ಗೌಂಡಿ ಅವನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಗುರುತು ಹಾಕಿ ಕೋಲು ಕುಯ್ಯುತ್ತಾನೆ. ಉದ್ದ, ಅಗಲ, ಎತ್ತರ ಎಲ್ಲವೂ ಆ ಕೋಲಿನ ಅಳತೆಯಲ್ಲಿ ಬೆಸ ಸಂಖ್ಯೆಗೆ ಬರಬೇಕು. ಉದ್ದ ಕೈಯವನ ಮನೆ ಎತ್ತರ, ಮೋಟು ಕೈಯವನ ಮನೆ ಕುಳ್ಳು. ನಮ್ಮದು ಕುಳ್ಳು. ಮಾವನವರಿಗೆ ಅದು ಅರಮನೆಯೇ ಆಗಿತ್ತು, ರುಮಾಲು ಸುತ್ತಿಕೊಂಡೇ ಬಾಗಿಲು ದಾಟುತ್ತಿದ್ದರು. ಮಿಕ್ಕವರು ಬಾಗಿಲಲ್ಲಿ ತಲೆ ತಗ್ಗಿಸಬೇಕು, ಇಲ್ಲವೆ ಹಣೆ ಚಚ್ಚಿಸಿಕೊಳ್ಳಬೇಕು.

ಗಂಡ ತೀರಿಹೋದ ಮೇಲೆ ನಾನು ಆ ಮನೆಯಲ್ಲೇ ಖಾನಾವಳಿ ಇಟ್ಟೆ. ಊರಿಗೆ ಹೊಸ ಕಾರ್ಖಾನೆ ಬಂದಿತ್ತು, ಎಲ್ಲೆಲ್ಲಿಂದಲೋ ಹುಡುಗರು ಕೆಲಸಕ್ಕೆ ಬರುತ್ತಿದ್ದರು. ಊಟ ಹಾಕಿದ ಮೇಲೆ "ಮಲಗಾಕೂ ಒಂದಿಷ್ಟು ಜಾಗ ಕೊಡ್ರಿ ಅಕ್ಕಾರೆ" ಅಂದರು, ಮೂರು ಕೋಣೆ ಬಿಟ್ಟುಕೊಟ್ಟೆ. ಊರವರು ಅದಕ್ಕೆ ಮಂಗಳಮ್ಮನ ಖಾನಾವಳಿ ಎಂದು ಹೆಸರಿಟ್ಟರು. ನನ್ನ ಪೂರ್ತಿ ಹೆಸರು ಸರ್ವಮಂಗಳಮ್ಮ. ಅಷ್ಟುದ್ದ ಕರೆಯುವಷ್ಟರಲ್ಲಿ ರೊಟ್ಟಿ ಆರಿಹೋಗುತ್ತದೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ದಿನ ಮುನಿಸಿಪಾಲಿಟಿಯ ಹೊಸ ಓವರ್ಸಿಯರ್ ಶಿವಮೂರ್ತಪ್ಪನವರು ಬಂದರು. ತೆಳ್ಳಗೆ, ಎತ್ತರಕ್ಕೆ, ಹಣೆ ತುಂಬ ವಿಭೂತಿ. ಬಾಗಿಲಲ್ಲಿ ಒಂದು ಸಲ ಢಂ ಅಂತ ಹೊಡೆಸಿಕೊಂಡರು, ಒಳಗೆ ಬಂದು ಕೋಣೆಯ ಬಾಗಿಲಿಗೆ ಇನ್ನೊಂದು ಸಲ. ವಿಭೂತಿಯ ನಡುವೆ ಗುಬುಟು ಎದ್ದಿತು. ಟೇಪು ಬಿಚ್ಚುವ ಮೊದಲೇ ಅವರಿಗೆ ನಮ್ಮ ಮನೆಯ ಎತ್ತರ ತಿಳಿದುಹೋಗಿತ್ತು.

"ಅಮ್ಮಾರೆ, ಹೊಸ ನಿಯಮ ಬಂದೈತೆ" ಅಂದರು ಹಣೆ ತಿಕ್ಕಿಕೊಳ್ಳುತ್ತಾ. "ದುಡ್ಡು ತಗೊಂಡು ಜನರನ್ನ ಮಲಗಿಸೋ ಮನೆಗೆಲ್ಲ ಲೈಸೆನ್ಸು ಬೇಕು. ಕೋಣೆ ಹತ್ತಡಿ ಎತ್ತರ ಇರ್ಬೇಕು. ನಿಮ್ದು ಎಂಟಡಿ ಚಿಲ್ಲರೆ. ಪ್ರತಿ ಕೋಣೆಗೂ ಹೊರಗಾಳಿ ಬರೋ ಕಿಟಕಿ ಬೇಕು. ಪಾಯಿಖಾನೆ ಅಡುಗೆಮನೆಯಿಂದ ದೂರ ಇರ್ಬೇಕು."

"ಎಷ್ಟು ದೂರ ಸಾಹೇಬ್ರೆ?"

ಅವರು ಹೇಳಿದರು. ನಮ್ಮ ಮನೆಯ ಅಡುಗೆಮನೆಯಿಂದ ಅಷ್ಟು ದೂರ ಹೋಗಬೇಕೆಂದರೆ ಹೊಳೆ ದಾಟಿ ರಾಣೆಬೆನ್ನೂರಲ್ಲಿ ಪಾಯಿಖಾನೆ ಕಟ್ಟಿಸಬೇಕಿತ್ತು. ಅದನ್ನೇ ಹೇಳಿದೆ. ಅವರು ನಗಲಿಲ್ಲ. ಮಜ್ಜಿಗೆ ಕೊಟ್ಟರೆ ಬೇಡ ಅಂದರು. ನಮ್ಮ ಮನೆಯ ಮಜ್ಜಿಗೆ ಕುಡಿದರೆ ಅದು ಲಂಚವಾಗುತ್ತದಂತೆ! ತಿನ್ನುವ ಮನುಷ್ಯನಾದರೆ ಹೇಗಾದರೂ ಮಾಡಿ ಬದುಕಬಹುದು. ಇಂಥ ಪ್ರಾಮಾಣಿಕರ ಕೈಗೆ ಸಿಕ್ಕರೆ ಮುಗಿಯಿತು.

"ದೀಪಾವಳಿ ಒಳಗೆ ಸರಿ ಮಾಡ್ಸಿ. ಇಲ್ಲಾಂದ್ರೆ ಬೀಗ ಹಾಕ್ಬೇಕಾಗ್ತದೆ. ನನಗೂ ಬ್ಯಾಸರಾನೇ" ಎಂದು ಹೇಳಿ ಹೋಗುವಾಗ ಮತ್ತೆ ಬಾಗಿಲಿಗೆ ಹೊಡೆಸಿಕೊಂಡರು. ಪಾಪ ಅನ್ನಿಸಲಿಲ್ಲ.

ಆ ಸುದ್ದಿ ಬಸ್ಸಿಗಿಂತ ಮೊದಲೇ ದಾವಣಗೆರೆ ಮುಟ್ಟಿತು. ಮರುದಿನವೇ ನನ್ನ ಗಂಡನ ಅಣ್ಣ ವಾಮದೇವಪ್ಪನವರು ಒಂದು ಪೊಟ್ಟಣ ಮಂಡಕ್ಕಿ ಹಿಡಿದುಕೊಂಡು ಬಂದರು. ಅವರದು ಹತ್ತಿ ವ್ಯಾಪಾರ, ಪಿ.ಜೆ. ಬಡಾವಣೆಯಲ್ಲಿ ದೊಡ್ಡ ಮನೆ. ಹರಿಹರದ ಈ ಮನೆಯಲ್ಲಿ ಅವರಿಗೂ ಅರ್ಧ ಪಾಲಿತ್ತು. ಬಹಳ ದಿನದಿಂದ ಅವರ ಕಣ್ಣು ಇದರ ಮೇಲಿತ್ತು.

"ನೋಡು ಸರ್ವಮಂಗಳಾ, ದೇವರೇ ದಾರಿ ತೋರ್ಸಿದಾನೆ" ಅಂದರು. "ಇಲ್ಲಿ ನಾನು ಹತ್ತಿ ಮೂಟೆ ಕಟ್ಟಿ ಅಂಡಿಗೆ ಒಟ್ತೀನಿ. ಹತ್ತಿಗೆ ಎತ್ತರ ಯಾವನು ಕೇಳ್ತಾನೆ? ನೀನು ನಮ್ಮನೆಗೆ ಬಂದುಬಿಡು. ನಿರ್ಮಲಾಗೂ ಮೊಣಕಾಲು ನೋವು."

"ಮೊಣಕಾಲು ನೋವಿಗೆ ಎಣ್ಣೆ ಹಚ್ಬೇಕು ಭಾವಾರೆ, ವಾರಗಿತ್ತಿನಲ್ಲ."

"ನಿನ್ನ ಬಾಯಿ ನೋಡು!" ಎಂದು ನಕ್ಕರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ತಾವು ನನಗೆ ಉಪಕಾರ ಮಾಡುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಆ ನಂಬಿಕೆಗೇ ನನಗೆ ಮೈಯೆಲ್ಲ ಉರಿಯುವುದು.

ಯಾಕೆಂದರೆ ಆ ಮನೆಯ ಉಪಕಾರದ ರುಚಿ ನನಗೆ ಗೊತ್ತಿತ್ತು. ಗಂಡ ಹೋದ ಹೊಸತರಲ್ಲಿ ಒಂದು ಮಳೆಗಾಲ ಅಲ್ಲಿದ್ದೆ. ಎಲ್ಲರಿಗಿಂತ ಮೊದಲು ಏಳುವವಳು ನಾನು, ಎಲ್ಲರ ಊಟವಾದ ಮೇಲೆ ತಳ ಕೆರೆದುಕೊಂಡು ಉಣ್ಣುವವಳು ನಾನು. ಯಾರೂ ಬೈಯುತ್ತಿರಲಿಲ್ಲ. ಯಾರೂ ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. "ಏ, ಇವಳೇ" ಅನ್ನುತ್ತಿದ್ದರು. ಒಂದು ಸಂಜೆ ಬೀಗರು ಬಂದಾಗ ಭಾವನವರ ಹೆಂಡತಿ ನಿರ್ಮಲಮ್ಮ ನನ್ನನ್ನು ತೋರಿಸಿ "ಅಡುಗೆಗೆ ಇಟ್ಕಂಡೀವಿ" ಅಂದುಬಿಟ್ಟಳು. ಬೀಗರ ಮುಂದೆ ವಿಧವೆ ವಾರಗಿತ್ತಿಯ ಕತೆ ಬಿಚ್ಚಲು ಬೇಸರವಾಗಿರಬೇಕು. ಮರುದಿನವೇ ನಾನು ಟ್ರಂಕು ಎತ್ತಿಕೊಂಡು ಹರಿಹರದ ಬಸ್ಸು ಹತ್ತಿದ್ದೆ. ಮತ್ತೆ ಆ ಒಲೆಯ ಮುಂದೆ ಕೂರುವುದಕ್ಕಿಂತ ಹೊಳೆಗೆ ಹಾರುವುದು ವಾಸಿ. ಆದರೆ ಹೊಳೆಯಲ್ಲಿ ಆಗ ಮೊಣಕಾಲುದ್ದ ನೀರೂ ಇರಲಿಲ್ಲ. ಆದ್ದರಿಂದ ಮನೆ ಎತ್ತರಿಸುವುದೇ ಸರಿ ಎಂದು ತೀರ್ಮಾನಿಸಿದೆ.

ಪಕ್ಕದ ಮನೆಯ ಹಯಾತ್ ಸಾಬ್ ಗೌಂಡಿ. ಕೆಲಸಗಾರನೇ, ಆದರೆ ಬಾಯಿ ಸಾಮಾನ್ಯದ್ದಲ್ಲ. ಮಾಳಿಗೆಯ ಮಣ್ಣು ಇಳಿಸಿ, ಜಂತೆ ಬಿಚ್ಚಿ, ಗೋಡೆಯ ಮೇಲೆ ಗೋಡೆ ಏರಿಸಿ, ಬಾಗಿಲನ್ನೂ ಎತ್ತರಿಸಿ ಮತ್ತೆ ಮಾಳಿಗೆ ಹೊದಿಸಬೇಕು ಅಂದ. ನನ್ನ ಹತ್ತಿರ ಬಂಗಾರದ ಅವಲಕ್ಕಿ ಸರ ಇತ್ತು, ಮಾರಿದೆ. ಸರ ಹೋದರೆ ಕೊರಳು ಹಗುರ ಅಂತ ಸಮಾಧಾನ ಮಾಡಿಕೊಂಡೆ. ಎಲ್ಲ ಗೊತ್ತಾದ ಮೇಲೆ ಹಯಾತ್ ಸಾಬ್ ಒಂದು ಬಿದಿರು ತಂದು ಪಡಸಾಲೆಯಲ್ಲಿಟ್ಟು ಕೂತುಬಿಟ್ಟ.

"ಯಜಮಾನರ ಕೈ ಬೇಕು ಅಮ್ಮಾರೆ."

"ಯಜಮಾನರು ಸತ್ತು ಎಷ್ಟು ಕಾಲಾತು ಹಯಾತ್ ಸಾಬ್! ಟೇಪ್ ಹಿಡಿದು ಹತ್ತಡಿ ಕಟ್ಟು."

"ಅದಾಗಾಂಗಿಲ್ಲ. ಆಯ ಇಲ್ದೆ ನಾನು ಕರಣಿ ಮುಟ್ಟಲ್ಲ."

"ಮಸೀದಿಗೆ ಹೋಗೋ ನಿನಗ್ಯಾಕಪ್ಪ ನಮ್ಮ ಆಯ?"

"ಮನ್ಯಾಗೆ ಯಾರಿಗಾದ್ರೂ ನೆಗಡಿ ಬಂದ್ರೂ ನೀವು ಬೈಯೋದು ಯಾರ್ನ? ಗೌಂಡಿನ. 'ಹಯಾತ್ ಸಾಬ್ ಆಯ ನೋಡ್ಲಿಲ್ಲ' ಅಂತ ಊರೆಲ್ಲ ಡಂಗುರ ಹೊಡೀತೀರಿ. ತೌಬಾ! ನಿಮ್ಮ ದೇವರ ಹತ್ರ ನನಗ್ಯಾಕ ಜಗಳ? ಕೈ ತೋರ್ಸ್ರಿ."

ಅಂದು ಭಾವನವರೂ ಬಂದಿದ್ದರು. ಖರ್ಚು ನನ್ನದು ಅಂತ ಗೊತ್ತಾದ ಮೇಲೆ ಮನೆ ಬಿಚ್ಚುವುದಕ್ಕೆ ಅವರದೇನೂ ತಕರಾರಿರಲಿಲ್ಲ. ಹಯಾತ್ ಸಾಬನ ಮಾತು ಕೇಳಿ ಅಂಗಿಯ ತೋಳು ಮಡಚುತ್ತಾ ಮುಂದೆ ಬಂದರು. "ಮನ್ಯಾಗೆ ಗಂಡಸು ಅಂತ ಈಗಿರೋನು ನಾನೇ. ಅಳೀ."

ಆ ಕೈ ಬಿದಿರಿನ ಮೇಲೆ ಬಿದ್ದರೆ ಏನಾಗುತ್ತದೆಂದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಯಾರ ಮೊಳದಲ್ಲಿ ಮನೆ ಎದ್ದಿತೋ ಮನೆ ಅವನದು. ಕೋರ್ಟಿನವರು ಏನು ಬೇಕಾದರೂ ಹೇಳಲಿ, ಓಣಿ ಹಾಗೇ ಹೇಳುವುದು. ಇವತ್ತು ಕೈ, ನಾಳೆ ಹತ್ತಿ ಅಂಡಿಗೆ. ನಾನು ಕೈಲಿದ್ದ ಲಟ್ಟಣಿಗೆ ಬಿಸಾಕಿ ಹೋಗಿ ಬಿದಿರಿನ ಮೇಲೆ ನನ್ನ ಕೈ ಇಟ್ಟೆ. ಹಿಟ್ಟು ಮೆತ್ತಿಕೊಂಡಿತ್ತು, ಹಾಗೇ ಇಟ್ಟೆ.

"ಕುಯ್ಯಿ" ಅಂದೆ.

ಹಯಾತ್ ಸಾಬ್ ನನ್ನ ಮುಖ ನೋಡಿದ, ಭಾವನವರ ಮುಖ ನೋಡಿದ. "ಹೆಂಗಸರ ಕೈ... ಇದುವರೆಗೆ ಯಾರೂ..."

"ಈ ಮನ್ಯಾಗೆ ದಿನಾ ಬೆಳಿಗ್ಗೆ ಒಲೆ ಹಚ್ಚೋಳು ಯಾರು? ನೆಲ ಸಾರಿಸೋಳು ಯಾರು? ನಿನ್ನ ಕೂಲಿ ಕೊಡೋಳು ಯಾರು? ಕುಯ್ತೀಯೋ, ಇಲ್ಲ ಗರಗಸ ನನ್ನ ಕೈಗೆ ಕೊಡ್ತೀಯೋ?"

ಭಾವನವರಿಗೆ ಸಿಟ್ಟು ಬಂತು. "ಹೆಂಗಸಿನ ಮೊಳ ಹಿಡಿದು ಮನೆ ಕಟ್ಟಿದ್ರೆ ಊರು ನಗ್ತದೆ!"

"ನಗ್ಲಿ ಬಿಡ್ರಿ. ಹಲ್ಲಿರೋರು ನಗ್ತಾರೆ."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಆಗ ಅವರ ಕಣ್ಣು ನನ್ನ ಕೈ ಮೇಲೆ ಬಿತ್ತು. ನಾನು ಮಾವನವರಿಗಿಂತ ಗಿಡ್ಡ. ನನ್ನ ಮೊಳ ಅವರ ಮೊಳಕ್ಕಿಂತ ಎರಡು ಬೆರಳು ಮೋಟು. ಭಾವನವರ ಮುಖ ಇದ್ದಕ್ಕಿದ್ದಂತೆ ಅರಳಿತು. ಹತ್ತಿ ವ್ಯಾಪಾರಿಗೆ ಲೆಕ್ಕ ಯಾರು ಕಲಿಸಬೇಕು?

"ಆಗ್ಲಿ. ನಿನ್ನ ಮೊಳಾನೇ ಇರ್ಲಿ" ಅಂದರು ಬೆಣ್ಣೆಯಂಥ ದನಿಯಲ್ಲಿ. "ಈ ಮೊಳಕ್ಕೆ ಮುನಿಸಿಪಾಲಿಟಿ ಹತ್ತಡಿ ಬಂತು, ಲೈಸೆನ್ಸು ಸಿಕ್ತು ಅಂದ್ರೆ ಈ ಮನ್ಯಾಗೆ ನನ್ನ ಪಾಲು ಬಿಟ್ಟೆ. ಬರ್ಲಿಲ್ಲ ಅಂದ್ರೆ ದೀಪಾವಳಿಗೆ ನೀನು ನಮ್ಮನ್ಯಾಗೆ ಹೋಳಿಗೆ ತಟ್ಬೇಕು. ಹಯಾತ್ ಸಾಬ್, ಕೇಳ್ಸ್ಕಂಡೆಲ್ಲ?"

"ಕೇಳ್ಸ್ತು ಸಾವ್ಕಾರ್ರೆ" ಎಂದು ಅವನು ಕೋಲು ಕುಯ್ದ.

ಹಳೆಯ ಗೋಡೆ ಮಾವನವರ ಮೊಳದಲ್ಲಿ ಏಳು ಇತ್ತು. ನನ್ನ ಮೊಳದಲ್ಲಿ ಒಂಬತ್ತು ಏರಿಸಬೇಕು, ಹತ್ತಡಿ ದಾಟಿ ಮೇಲೆ ಹೋಗುತ್ತದೆ ಎಂದು ಹಯಾತ್ ಸಾಬ್ ಲೆಕ್ಕ ಹೇಳಿದ. ನಾನು ಟೇಪು ತರಿಸಿ ನೋಡಿದೆ. ದಾಟುತ್ತಿತ್ತು. ಭಾವನವರ ಲೆಕ್ಕವೇ ತಪ್ಪಿದೆ ಎಂದುಕೊಂಡು ಆ ದಿನ ಒಬ್ಬೊಬ್ಬರಿಗೂ ಒಂದೊಂದು ರೊಟ್ಟಿ ಹೆಚ್ಚಿಗೆ ಹಾಕಿದೆ.

ಮಾಳಿಗೆ ಬಿಚ್ಚಿದ ಮೇಲೆ ಮನೆ ಮನೆಯಾಗಿ ಉಳಿಯಲಿಲ್ಲ. ಕಾರ್ಖಾನೆಯ ಫಿಟ್ಟರ್ ಹುಡುಗರು ಆಕಾಶ ನೋಡುತ್ತಾ ಮಲಗಿದರು. ಅವರಲ್ಲಿ ಗುತ್ತೆಪ್ಪ ಎಂಬ ತೊಲೆಯಂಥ ಹುಡುಗನೊಬ್ಬನಿದ್ದ. ತೊಲೆಗೆ ಕೈ ತಾಗದೆ ಅವನು ಮೈ ಮುರಿದದ್ದು ಅದೇ ಮೊದಲು. "ಮಾಳಿಗೆ ಹಿಂಗೇ ಬಿಟ್ಬಿಡ್ರಿ ಅಕ್ಕಾರೆ, ಚೆನ್ನಾಗೈತೆ" ಅನ್ನುತ್ತಿದ್ದ. ಪಾಯಿಖಾನೆಯನ್ನು ಹಿತ್ತಲ ಕೊನೆಗೆ ತಳ್ಳಿ, ಅಡುಗೆಮನೆಯನ್ನು ತಂದು ಬೀದಿಯ ಕಡೆಗಿಟ್ಟೆ. ನಿಯಮಕ್ಕಾಗಿ ಮಾಡಿದ್ದು, ಆದರೆ ಎಣಗಾಯಿಯ ಘಮ ಬೀದಿಗೆ ಹೋಗಿ ಗಿರಾಕಿಗಳೇ ಹೆಚ್ಚಾದರು.

ಕಿಟಕಿಯದೇ ತಕರಾರು. ಹೊರಗಾಳಿ ಅಂತ ಇದ್ದದ್ದು ಹಯಾತ್ ಸಾಬನ ಹಿತ್ತಲ ಕಡೆಗೆ ಮಾತ್ರ. ಅವನ ಹೆಂಡತಿ ಖತೀಜಾಬೀ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಿಮ್ಮ ಫಿಟ್ಟರ್‌ಗಳು ನಾನು ತಲೆ ಬಾಚೋದು ನೋಡ್ತಾ ಗಾಳಿ ಕುಡೀಬೇಕಾ ಬಾಯಮ್ಮ?"

"ನಿನ್ನ ನೋಡಾಕೆ ಅವರಿಗೇನು ಕಣ್ಣು ಕಾಣಲ್ವಾ ಖತೀಜಾ?"

ಇಬ್ಬರೂ ಒಂದು ತಾಸು ಬೈದಾಡಿದೆವು, ಆಮೇಲೆ ಇಬ್ಬರಿಗೂ ನಗು ಬಂತು. ಅವಳೇ ಗರಿಯ ತಡಿಕೆ ಹೆಣೆದು ತನ್ನ ಹಿತ್ತಲಲ್ಲಿ ಕಿಟಕಿಯಿಂದ ದೂರಕ್ಕೆ ಅಡ್ಡ ನಿಲ್ಲಿಸಿಕೊಂಡಳು. ಗಾಳಿ ಬಂತು, ಮರ್ಯಾದೆಯೂ ಉಳಿಯಿತು.

ದೀಪಾವಳಿಗೆ ಮುಂಚಿನ ಭಾನುವಾರ ಶಿವಮೂರ್ತಪ್ಪನವರು ಟೇಪು ಹಿಡಿದು ಬಂದರು. ರಜೆಯ ದಿನವೂ ಕೆಲಸ ಮಾಡುವ ಜಾತಿ ಅದು. ಭಾವನವರು ಅವರಿಗಿಂತ ಮೊದಲೇ ಬಂದಿದ್ದರು, ಬರಿಗೈಯಲ್ಲಲ್ಲ. ಬಾಗಿಲ ಮುಂದೆ ಹತ್ತಿ ಅಂಡಿಗೆ ಹೇರಿದ ಎರಡು ಗಾಡಿ ನಿಂತಿದ್ದವು. ಎತ್ತುಗಳು ನನ್ನ ರಂಗೋಲಿಯ ಮೇಲೆ ಸಗಣಿ ಹಾಕುತ್ತಿದ್ದವು.

ಓವರ್ಸಿಯರು ಬಾಗಿಲಲ್ಲಿ ಅಭ್ಯಾಸದಿಂದ ತಲೆ ತಗ್ಗಿಸಿದರು, ಏನೂ ತಾಗಲಿಲ್ಲ. ಕಿಟಕಿ ನೋಡಿದರು, ಸರಿ ಅಂದರು. ಪಾಯಿಖಾನೆಗೆ ದೂರ ಅಳೆದರು, ಸರಿ ಅಂದರು. ಆಮೇಲೆ ಕೋಣೆಯ ನಡುವೆ ನಿಂತು ಟೇಪನ್ನು ಮೇಲಕ್ಕೆ ಹಿಡಿದರು, ತೊಲೆಯ ಕೆಳಮೈಗೆ.

"ಅಲ್ಲಿಗ್ಯಾಕ ಹಿಡಿದ್ರಿ?" ಎಂದು ಹಯಾತ್ ಸಾಬ್ ಕೂಗಿದ. "ಗೋಡೆ ಅಳೀರಿ, ಗೋಡೆ! ನಮ್ಮ ಮೊಳ ಗೋಡೆಗೆ!"

"ಎತ್ತರ ಅಂದ್ರೆ ನೆಲದಿಂದ ತೊಲೆ ಕೆಳಗಿನ ತನಕ. ಮಲಗೋರಿಗೆ ಗಾಳಿ ತೊಲೆ ಕೆಳಗೇ ತಾನೆ ಇರೋದು?" ಎಂದು ಅವರು ಟೇಪು ನೋಡಿದರು, ಮತ್ತೊಮ್ಮೆ ನೋಡಿದರು. ಮೂರೂ ಕೋಣೆಗೆ ಹೋಗಿ ಬಂದರು. "ಎರಡು ಬೆರಳು ಕಡಿಮೆ ಐತೆ ಅಮ್ಮಾರೆ."

ಎರಡು ಬೆರಳು! ನನ್ನ ಸರ ಹೋಯಿತು, ಮನೆಯ ನೆತ್ತಿ ಬಿಚ್ಚಿ ಮುಚ್ಚಿದ್ದಾಯಿತು, ಕೊನೆಗೆ ಎರಡು ಬೆರಳು. ಹಯಾತ್ ಸಾಬ್ ತಲೆಯ ಟೋಪಿ ತೆಗೆದು ನೆಲಕ್ಕೆ ಬಡಿದ. ಹುಟ್ಟಿದಾಗಿನಿಂದ ಅವನು ಗೋಡೆಯ ತಲೆಗೇ ಮೊಳ ಎಣಿಸಿದ್ದನೇ ಹೊರತು ತೊಲೆಯ ಕೆಳಗೆ ಎಣಿಸಿರಲಿಲ್ಲ. ನನಗಂತೂ "ಎಲ್ಲಿಂದ ಎಲ್ಲಿಗೆ?" ಎಂದು ಕೇಳಬೇಕೆಂದೇ ತೋಚಿರಲಿಲ್ಲ.

ಭಾವನವರು ಮಾತ್ರ ನಿಧಾನವಾಗಿ ಶಲ್ಯ ಕೊಡವಿದರು. "ನಾನು ಹೇಳಿದ್ನೋ ಇಲ್ವೋ? ಹೋಗ್ಲಿ, ಟ್ರಂಕು ಕಟ್ಟು. ನಿರ್ಮಲಾ ಅಡುಗೆಯವಳನ್ನ ನಿನ್ನೇನೇ ಬಿಡಿಸಿದ್ಲು." ಹಾಗೇ ಬೀದಿಯ ಕಡೆ ತಿರುಗಿ, "ಏ, ಅಂಡಿಗೆ ಇಳಿಸ್ರೋ!" ಅಂದರು.

ನಾನು ಅಲ್ಲೇ ಕುಸಿದು ಕೂತೆ. ಅಳು ಬರಲಿಲ್ಲ, ವಿಪರೀತ ಭಯವಾಯಿತು. ಆ ಒಲೆ, ಆ "ಏ ಇವಳೇ", ತಳ ಕೆರೆಯುವ ಸಪ್ಪಳ ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತ ಹಾಗಾಯಿತು. ನೆಲಕ್ಕೆ ಎರಡೂ ಕೈ ಊರಿದ್ದೆ. ಅಂದು ಬೆಳಿಗ್ಗೆ ಸಾರಿಸಿದ ನೆಲ, ಇನ್ನೂ ತಂಪಾಗಿತ್ತು. ನಾನು ಆ ನೆಲ ನೋಡಿದೆ. ಆಮೇಲೆ ಓವರ್ಸಿಯರರನ್ನು ನೋಡಿದೆ.

"ಸಾಹೇಬ್ರೆ, ನೆಲದಿಂದ ತಾನೆ ಅಳೆದದ್ದು?"

"ಹೌದ್ರಿ."

"ನೆಲ ಎಷ್ಟಿರ್ಬೇಕು ಅಂತ ನಿಯಮ?"

"ರಸ್ತೆಗಿಂತ ಒಂದಡಿ ಮೇಲಿರ್ಬೇಕು."

"ನಂದು ಎಷ್ಟೈತೆ? ಅಳೀರಿ."

ಅವರು ಹೊರಗೆ ಹೋಗಿ ಅಳೆದರು. ಒಂದಡಿಯ ಮೇಲೆ ಒಂದು ಗೇಣು. ಮೊದಲೇ ನೆಲ ಅಗೆಯಬಾರದಿತ್ತೇ ಎಂದು ನೀವು ಕೇಳಬಹುದು. ಮೊದಲು ಕೊರತೆಯಿದ್ದದ್ದು ಬೆರಳಿನ ಲೆಕ್ಕದಲ್ಲಲ್ಲ, ಅಡಿಯ ಲೆಕ್ಕದಲ್ಲಿ. ಅಷ್ಟು ಅಗೆದಿದ್ದರೆ ಬೀದಿಯ ಕೊಚ್ಚೆಯೆಲ್ಲ ನಮ್ಮ ಹಾಸಿಗೆಗೇ ಬರುತ್ತಿತ್ತು. ಈಗ ಬೇಕಾಗಿದ್ದದ್ದು ಎರಡು ಬೆರಳು, ನನ್ನ ಹತ್ತಿರ ಗೇಣಿತ್ತು.

"ಹಂಗಾದ್ರೆ ಸ್ವಲ್ಪ ಹೊರಗೆ ಕೂಡ್ರಿ" ಎಂದು ಸೆರಗು ಸಿಕ್ಕಿಸಿ ಎದ್ದೆ. "ಗುತ್ತೆಪ್ಪಾ! ಎಲ್ರನ್ನೂ ಎಬ್ಬಿಸು. ಹಯಾತ್ ಸಾಬ್, ಹಾರೆ ತಗಾ. ನೆಲ ಇಳಿಸ್ಬೇಕು!"

"ಇದು ಮೋಸ!" ಎಂದು ಭಾವನವರು ಕಿರುಚಿದರು. "ಸಾಹೇಬ್ರೆ, ನಿಮ್ಮ ಕಣ್ಣೆದುರಿಗೇ ಮೋಸ!"

ಶಿವಮೂರ್ತಪ್ಪನವರು ಯೋಚಿಸಿದರು. "ನೆಲ ಮುಟ್ಬಾರ್ದು ಅಂತ ನಿಯಮದಾಗೆ ಎಲ್ಲೂ ಇಲ್ರಿ" ಅಂದರು ಕೊನೆಗೆ. "ನನಗೆ ಪೇಟೆ ಕಡೆ ಇನ್ನೂ ಎರಡು ಮನೆ ನೋಡೋದೈತೆ. ಸಂಜೆಗೆ ಬರ್ತೀನಿ."

ಆ ಮೇಲಿನ ಗದ್ದಲ ಏನು ಹೇಳಲಿ! ಫಿಟ್ಟರ್‌ಗಳು ಅಂಗಿ ಬಿಚ್ಚಿ ಹಾರೆ ಹಾಕಿದರು. ಖತೀಜಾಬೀ ತಲೆಯ ಮೇಲೆ ಸೆರಗೆಳೆದುಕೊಂಡು ಮಣ್ಣಿನ ಪುಟ್ಟಿ ಹೊತ್ತಳು. ಹಯಾತ್ ಸಾಬ್ ಆಯ ಕೆಟ್ಟಿತೆಂದು ಬೈಯುತ್ತಾ, ನೀರು ಚಿಮುಕಿಸುತ್ತಾ ನೆಲ ಗಟ್ಟಿಯಾಗಲು ದಿಮ್ಮಸು ಬಡಿದ. ಎರಡು ಬೆರಳಿನ ಜಾಗದಲ್ಲಿ ನಾಲ್ಕು ಬೆರಳು ತೆಗೆಸಿದೆ, ಯಾರಿಗೆ ಬೇಕು ಇನ್ನೊಂದು ಸಲ ಈ ಪಂಚಾಯಿತಿ! ಇಳಿಸಿದ್ದ ನಾಲ್ಕು ಅಂಡಿಗೆಗಳ ಮೇಲೆ ಗುತ್ತೆಪ್ಪ ಮಣ್ಣು ಸುರಿದುಬಿಟ್ಟ. ಗೊತ್ತಿಲ್ಲದೆ ಸುರಿದೆ ಅಂದ. ನಾನು ನಂಬಿದೆ.

ಸಂಜೆ ಓವರ್ಸಿಯರು ಬಂದು ಮೂರೂ ಕೋಣೆ ಅಳೆದರು. ರಸ್ತೆಯಿಂದ ನೆಲ ಅಳೆದರು. "ಹತ್ತಡಿ ಒಂದಿಂಚು. ಸರಿ ಐತೆ" ಎಂದು ಹೇಳಿ ಕಾಗದಕ್ಕೆ ರುಜು ಹಾಕಿ, ಯಾರ ಹೆಸರಿಗೆ ಎಂದು ಕೇಳಿದರು. ಭಾವನವರು ಗಂಟಲು ಸರಿ ಮಾಡಿಕೊಂಡರು. ಹಯಾತ್ ಸಾಬ್ ಅವರ ಮುಖವನ್ನೇ ನೋಡುತ್ತಾ ನಿಂತ. ಓಣಿಯ ಅರ್ಧ ಜನ ಅಲ್ಲಿದ್ದರು. ಭಾವನವರು ಕೊಟ್ಟ ಮಾತಿಗೆ ತಪ್ಪುವವರಲ್ಲ, ಅದೊಂದು ಗುಣವನ್ನು ಹೇಳಲೇಬೇಕು.

"ಅವಳ ಹೆಸರಿಗೇ ಬರೀರಿ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಿರ್ಮಲಾಗೆ ನಾನು ಏನಂತ ಹೇಳ್ಲಿ?" ಎಂದರು.

"ಎಣ್ಣೆ ಬಿಸಿ ಮಾಡಿ ತಿಕ್ಕಂಡು ಒಲೆ ಹಚ್ಚು ಅಂತ ಹೇಳ್ರಿ."

ಗಾಡಿಗಳು ದಾವಣಗೆರೆಯ ಕಡೆ ಹೊರಟವು. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು, ಭಾವನವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಇಷ್ಟು ವರ್ಷ ಅವರು ಹರಿಹರಕ್ಕೆ ಬಂದರೆ ಯಾರನ್ನೂ ಕೇಳದೆ ನೇರ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂರುತ್ತಿದ್ದರು. ನಾನು ಬೇರೆಯವರ ಎಲೆ ಬಿಟ್ಟು ಓಡಿಬರುತ್ತಿದ್ದೆ. ಅಂದು ಅವರು ಹೊಸಿಲಾಚೆಗೇ ನಿಂತಿದ್ದರು. ನಾನು ಕೈ ತೊಳೆದುಕೊಂಡು ಹೋಗಿ, ಬಂದವರನ್ನೆಲ್ಲ ಕೇಳುವ ಹಾಗೆ ಕೇಳಿದೆ.

"ಊಟ ಮಾತ್ರಾನೋ ಭಾವಾರೆ, ಮಲಗಾಕೂ ಜಾಗ ಬೇಕೋ?"

ಅವರು ನನ್ನನ್ನು ನೋಡಿದರು. ಹೊಡೆದಂತಾಯಿತೇನೋ, ಮುಖ ಒಂದು ಕ್ಷಣ ಕಪ್ಪಿಟ್ಟಿತು. ಆಮೇಲೆ ಬಗ್ಗಿ ಮೆಟ್ಟು ಬಿಚ್ಚಿದರು. "ಊಟ ಮಾತ್ರ ಸಾಕಮ್ಮ" ಅಂದರು. "ಬಸ್ಸೈತೆ."

ಪಡಸಾಲೆಯಲ್ಲಿ ಗುತ್ತೆಪ್ಪನ ಪಕ್ಕಕ್ಕೆ, ಸಾಲಿನಲ್ಲೇ ಕೂತರು. ನಾನು ರೊಟ್ಟಿ ಬಡಿಸಿ ಒಳಗೆ ಬಂದೆ. ಗೋಡೆಗೆ ಮುಖ ಕೊಟ್ಟು ಜೋರಾಗಿ ಅತ್ತೆ. ಗಂಡ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ, ಆಗ ಅಳುವುದಕ್ಕೂ ಯಾರ ಮನೆಯಲ್ಲಿ ಅಳಬೇಕೆಂದು ಗೊತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಬಿಸಿ ರೊಟ್ಟಿ ತೆಗೆದುಕೊಂಡು ಹೊರಗೆ ಹೋದೆ. ಭಾವನವರು ಎಲೆಗೆ ಕೈ ಅಡ್ಡ ಹಿಡಿದು ಸಾಕು ಅಂದರು. ನಾನು ಕೇಳಲಿಲ್ಲ, ಇನ್ನೊಂದು ಹಾಕಿದೆ. ನನ್ನ ಮನೆಗೆ ಬಂದವರು ಅರೆಹೊಟ್ಟೆಯಲ್ಲಿ ಏಳಬಾರದು.